ಯಾವ ಎಣ್ಣೆಯ ಡಬ್ಬಿ?

ಮದುವೆಯಾಗಿ ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಬಂದ ಹೊಸದು. ಪಕ್ಕದ ಮನೆಯ ಆಪಾ ರಂಜಾನ್ ಹಬ್ಬಕ್ಕೆ ನಾನಖಟಾಯಿ ಬಿಸ್ಕತ್ತು ಮಾಡುತ್ತಿದ್ದರು. ಹಿಟ್ಟು ನಾದಿ, ಉಂಡೆ ಕಟ್ಟಿ, ತಗಡಿನ ಟ್ರೇಗಳಲ್ಲಿ ಹೊಂದಿಸಿ ಬೇಕರಿಯ ಭಟ್ಟಿಗೆ ಕಳಿಸುವುದು. ನನಗೂ ಕಲಿಸುತ್ತೇನೆಂದರು. ಸಂತೆಯಲ್ಲಿ ಇಬ್ಬರೂ ಒಂದೇ ಕಡೆ ಹೊಸ ಟ್ರೇ ಕೊಂಡೆವು.

ಆಪಾ ಇನ್ನೂ ನಮ್ಮ ಪಡಸಾಲೆಯಲ್ಲಿದ್ದಾಗಲೇ ಅತ್ತೆ ಟ್ರೇಯನ್ನು ಮೂಗಿಗೆ ಹಿಡಿದರು.

"ಇದು ಬ್ಯಾಡ."

"ಯಾಕ್ರಿ ಅತ್ತಿ?"

"ಯಾಕೋ ಮನಸ್ಸು ಒಪ್ಪವಲ್ದು."

ಅತ್ತೆಗೆ ಪಾತ್ರೆಗಳ ಮೇಲೆ ನಂಬಿಕೆ ಕಡಿಮೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯ ಮಜ್ಜಿಗೆ ಕುಡಿದು ಅವರ ತವರಿನಲ್ಲಿ ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡಿದ್ದರಂತೆ. ನನಗೆ ಮಾತ್ರ ಬೇರೆ ಅನುಮಾನ. ಆಪಾ ಕೈಯ ತಿನಿಸು ಬೇಡವೆನ್ನಲು ಇದೊಂದು ನೆಪವೇ? ಆಪಾಗೂ ಹಾಗೇ ಅನಿಸಿರಬೇಕು, ಮುಖ ಸಣ್ಣದಾಯಿತು.

ಅತ್ತೆ ಖಾಲಿ ಟ್ರೇಯನ್ನು ಇದ್ದಿಲ ಒಲೆಯ ಮೇಲಿಟ್ಟರು. ಕಾದಂತೆ ಘಾಟು ಎದ್ದು ಮೂವರ ಕಣ್ಣೂ ಉರಿದವು. ಆಪಾ ಸೆರಗಿನಿಂದ ಮೂಗು ಮುಚ್ಚಿಕೊಂಡು ತಮ್ಮ ಟ್ರೇ ತರಲು ಓಡಿದರು. ಅದನ್ನು ಕಾಯಿಸಿದರೂ ಅದೇ ಘಾಟು.

ಮುಂದಿನ ಸಂತೆಗೆ ಟ್ರೇಗಳನ್ನು ಹಿಡಿದುಕೊಂಡು ಮೂವರೂ ಹೋದೆವು. ಟ್ರೇ ಮಾರುವವನು ನಗುತ್ತಲೇ ಮಾತಾಡಿದ.

"ಎಣ್ಣಿ ಡಬ್ಬಿ ಕತ್ತರಿಸಿ ಮಾಡೀನ್ರಿ. ಛಲೋ ತಗಡು ಐತಿ."

"ಯಾವ ಎಣ್ಣಿ?" ಅತ್ತೆ ಕೇಳಿದರು.

"ಎಣ್ಣೀರಿ..."

"ಶೇಂಗಾ ಎಣ್ಣಿನೋ, ಕುಸುಬಿ ಎಣ್ಣಿನೋ?"

ಅವನು ಸಾಮಾನು ಹೊಂದಿಸತೊಡಗಿದ.

"ಖರೆ ಹೇಳಪಾ, ಸಣ್ಣ ಮಕ್ಕಳು ತಿಂತಾವ," ಎಂದರು ಆಪಾ.

"ಹತ್ತಿಗೆ ಹೊಡಿಯೋ ಎಣ್ಣೀರಿ. ಮುಂಡರಗಿ ಕಡೆಯಿಂದ ಡಬ್ಬಿ ಬರ್ತಾವು. ಸೋಡಾ ಹಾಕಿ ತೊಳದೀನ್ರಿ."

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣೆ ಅಂತಲೇ ಹೆಸರು. ಅತ್ತೆ ಅವನ ಸುತ್ತಿಗೆಯನ್ನೇ ಎತ್ತಿಕೊಂಡು ನಮ್ಮ ಟ್ರೇಗಳನ್ನೆಲ್ಲ ಯಾರೂ ಬಳಸದಂತೆ ಜಜ್ಜಿಹಾಕಿದರು. ಮಂದಿ ಕೂಡತೊಡಗಿದಾಗ ಅವನು ಗಂಟು ಕಟ್ಟಿದ. ಯಾವ ಊರಿನ ಸಂತೆಗೆ ಹೋದನೋ!

ಆಮೇಲೆ ಅತ್ತೆಗೆ ಬೇಕರಿಯ ಟ್ರೇಗಳ ಮೇಲೂ ಸಂಶಯ. "ಅವು ಎಲ್ಲೀವೋ ಯಾರಿಗೆ ಗೊತ್ತು? ಮನ್ಯಾಗ ಮಾಡೂಣು," ಎಂದರು. ದೊಡ್ಡ ಕಬ್ಬಿಣದ ಬುಟ್ಟಿಯಲ್ಲಿ ಮರಳು ಕಾಯಿಸಿ, ಅದರ ಮೇಲೆ ಉಂಡೆ ಹೊಂದಿಸಿದ ಸ್ಟೀಲಿನ ಗಂಗಾಳವಿಟ್ಟು, ಮುಚ್ಚಳ ಹಾಕಿ ಮೇಲೆ ಕೆಂಡ ಹರವಿದೆವು. ಮೊದಲ ಒಬ್ಬೆ ತಳ ಹಿಡಿಯಿತು. ಎರಡನೆಯದು ಹದವಾಗಿ ಬಿರಿಯಿತು.

ಆಪಾಗೆ ರೋಜಾ ಉಪವಾಸ, ರುಚಿ ನೋಡುವಂತಿರಲಿಲ್ಲ. ನಾನು ಕೈ ಚಾಚುವ ಮೊದಲೇ ಅತ್ತೆ ಬಿಸಿಬಿಸಿಯದೊಂದನ್ನು ಬಾಯಿಗೆ ಹಾಕಿಕೊಂಡರು.

"ಸಕ್ಕರಿ ಬರೋಬ್ಬರಿ ಐತೇನ್ರಿ?" ಆಪಾ ಕೇಳಿದರು.

"ತಡಿಯವಾ, ಇನ್ನೊಂದು ತಿಂದು ಹೇಳ್ತೀನಿ," ಎಂದರು ಅತ್ತೆ.