ಹಳೇ ನೀರು ಚೆಲ್ಲಿದ ಭಾನುವಾರ

ಕಳೆದ ಭಾನುವಾರ ಮುಂಜಾನೆ ನಾನು ನಮ್ಮ ಇಡೀ ಓಣಿಯ ನೀರು ಖಾಲಿ ಮಾಡಿದೆ. ನಳ ಮುಟ್ಟಲಿಲ್ಲ, ಕೊಡ ಎತ್ತಲಿಲ್ಲ. ಹಾಸಿಗೆಯಿಂದ ಏಳಲೂ ಇಲ್ಲ. ಬರೀ ಬಾಯಿಂದ ಮಾಡಿದೆ.

ಹೇಗೆ ಅಂತೀರಾ? ನನಗೆ ಮಂದಿಯ ದನಿ ತೆಗೆಯುವ, ಅಂದರೆ ಥೇಟ್ ಅವರಂತೆಯೇ ಮಾತಾಡಿ ತೋರಿಸುವ ಚಟವಿದೆ. ಬಸ್ ಕಂಡಕ್ಟರ್, ಡಾಕ್ಟರ್, ತವರಿನವರ ಜೊತೆ ಫೋನಿನಲ್ಲಿ ಮಾತಾಡುವ ಅವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. (ನನ್ನ ಸ್ವಂತ ದನಿಗೆ ಮಾತ್ರ ಅಲ್ಲಿನ್ನೂ ರೂಮು ಸಿಕ್ಕಿಲ್ಲ.) ಅವತ್ತು ಬಾಗೇವಾಡಿಯ ನಮ್ಮ ಓಣಿಗೆ ನೀರು ಬಿಡುವ ಶರಣಪ್ಪಣ್ಣನ ದನಿ ತೆಗೆದೆ.

"ನೀರು ಬಿಟ್ಟೇನ್ರವ್ವೋ, ಹಿಡ್ಕೋರಿ! ಆಮ್ಯಾಲ ನನ್ನ ಹೆಸರ್ಲೆ ಒದರಬ್ಯಾಡ್ರಿ!"

ರೆಕಾರ್ಡ್ ಮಾಡಿ ಗೆಳೆಯ ಮಲ್ಲುಗೆ ಕಳಿಸಿದೆ. ಅವನೊಬ್ಬನಿಗೇ. ಮಲ್ಲು ಅದನ್ನು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ದ್ವೇಷದಿಂದಲ್ಲ, ಅಭಿಮಾನದಿಂದ.

ಕೇಳಿದವರೆಲ್ಲ ಶರಣಪ್ಪಣ್ಣನೇ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಓಣಿಯ ತುಂಬ ಧಬಧಬ ಸದ್ದು.

ನಮ್ಮಲ್ಲಿ ನೀರು ಬಂತೆಂದರೆ ಯಾರೂ ಮೊದಲು ತುಂಬುವುದಿಲ್ಲ. ಮೊದಲು ಚೆಲ್ಲುತ್ತಾರೆ. ಐದಾರು ದಿನ ಜೋಪಾನ ಮಾಡಿದ, ಯಾರಾದರೂ ಒಂದು ತಂಬಿಗೆ ಹೆಚ್ಚು ಬಳಸಿದರೆ ಯುದ್ಧವಾಗುತ್ತಿದ್ದ ನೀರು, ನಳದ ಸುದ್ದಿ ಕೇಳಿದ ಕ್ಷಣದಿಂದ 'ಹಳೇ ನೀರು'. ಕೊಡ, ಹಂಡೆ, ಬ್ಯಾರಲ್ ಎಲ್ಲ ಗಟಾರಕ್ಕೆ ಬೋರಲು.

ಹಾಗಾದರೆ ಹೊಸ ನೀರು ಯಾವುದು? ಆಲಮಟ್ಟಿಯಲ್ಲಿ ಹೋದ ಮಳೆಗಾಲದಿಂದ ನಿಂತಿದ್ದು. ಅದಕ್ಕೂ ಮೊದಲು ಅದು ಮಹಾರಾಷ್ಟ್ರದಲ್ಲಿ ಎಷ್ಟೋ ಮಂದಿಯ ಮುಖ, ಎಷ್ಟೋ ಎಮ್ಮೆಗಳ ಮೈ ತೊಳೆದು ಬಂದಿದ್ದು. ಅಲ್ಲಿ ತಿಂಗಳುಗಟ್ಟಲೆ ನಿಂತರೂ ಹೊಸದು, ನಮ್ಮ ಹಂಡೆಯಲ್ಲಿ ಐದು ದಿನ ನಿಂತರೆ ಹಳೇದು. ನಾವು ಚೆಲ್ಲಿದ್ದು ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಕೊನೆಗೆ ಮತ್ತೆ ಕೃಷ್ಣೆಗೇ. ಕೆಳಗಿನ ಊರಿನವರಿಗೆ ಅದು ಹೊಸ ನೀರು. ಅವರೂ ನಮ್ಮ ಹಾಗೆಯೇ ಹಂಡೆ ಬೋರಲು ಹಾಕಿ ಕಾಯುತ್ತಿರಬೇಕು.

ಇರಲಿ. ಅವತ್ತು ಎಲ್ಲರೂ ಚೆಲ್ಲಿದರು. ಅವ್ವನೂ ಚೆಲ್ಲಿದಳು. ನಳ ಮಾತ್ರ ಕೆಮ್ಮಲೂ ಇಲ್ಲ.

ಅವ್ವ ಶರಣಪ್ಪಣ್ಣನಿಗೆ ಫೋನ್ ಹಚ್ಚಿದಳು. "ನಾ ಇನ್ನ ಹಲ್ಲು ತಿಕ್ಕಾಕತ್ತೇನ್ರೀ ಅಕ್ಕಾರ, ಯಾವಾಗ ಬಿಟ್ಟೆ? ನಿಮ್ಮ ಪಾಳಿ ಸಂಜಿಗಿ" ಎಂದ. ಅವ್ವ ಫೋನ್ ಇಟ್ಟು, ನಿಧಾನಕ್ಕೆ ನನ್ನ ಕಡೆ ತಿರುಗಿದಳು.

ಈಗ ಹೇಳಬೇಕಾದ ಒಂದು ಸಣ್ಣ ವಿಷಯವಿದೆ. ಅವತ್ತೇ ಹನ್ನೊಂದಕ್ಕೆ ಮುದ್ದೇಬಿಹಾಳದಿಂದ ನಮ್ಮ ಅಕ್ಕನನ್ನು ನೋಡಲು ಗಂಡಿನವರು ಬರುವವರಿದ್ದರು. ಎಷ್ಟೋ ಫೋಟೋಗಳಿಗೆ ಮೂಗು ಮುರಿದಿದ್ದ ಅಕ್ಕ ಈ ಫೋಟೋವನ್ನು ಎರಡು ಸಲ ನೋಡಿದ್ದಳು. (ಮೂರನೇ ಸಲ ನೋಡಿದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.) ಕುಡಿಯಲು ಅಂಗಡಿಯಿಂದ ಬಾಟಲಿ ತರಬಹುದು. ಬಂದವರ ಕಾಲಿಗೆ? ಉಪ್ಪಿಟ್ಟಿಗೆ? ತಾಟು ತೊಳೆಯಲಿಕ್ಕೆ? ಬಾಟಲಿ ನೀರಲ್ಲಿ ಕಾಲು ತೊಳೆಸಿದರೆ 'ಇವರ ಮನ್ಯಾಗ ನೀರಿಲ್ಲ' ಎಂದು ಬೋರ್ಡ್ ಹಾಕಿದಂತೆಯೇ. ಟ್ಯಾಂಕರಿನವನು ಮಧ್ಯಾಹ್ನದ ಮೇಲೆ ಎಂದ.

"ತಮ್ಮಾ" ಎಂದಳು ಅಕ್ಕ, ಬಹಳ ಶಾಂತವಾಗಿ. "ಈ ಸಂಬಂಧ ತಪ್ಪಿತಂದ್ರ ನನ್ನ ಗಂಡನ ದನಿ ನೀನ ತಗೀಬೇಕ ನೋಡು. ಸಾಯೂತನಕಾ."

ನಾನು ಎರಡು ಕೊಡ ಹಿಡಿದು ಓಡಿದೆ. ಮನೆ ಮನೆಯಲ್ಲೂ ಬೋರಲು ಹಂಡೆ, ಅದರ ಮೇಲೆ ನನಗಾಗಿ ಕಾದಿಟ್ಟ ಬೈಗುಳ. ಕೊನೆಗೆ ಮೂಲೆಮನೆಯ ನೀಲವ್ವ ಆಯಿ. ಫೋನಿಲ್ಲದ ಒಂಟಿ ಮುದುಕಿ. ಆಕೆಯ ಬ್ಯಾರಲ್ ತುಂಬಿತ್ತು.

"ಆಯೀ, ನೀ ಹಳೇ ನೀರು ಚೆಲ್ಲೂದಿಲ್ಲೇನು?"

"ಚೆಲ್ಲಾಕ ನಡದಾಗ ಶಕ್ತಿ ಎಲ್ಲೈತೋ, ಭಾಡ್ಯಾ? ಒಯ್ಯಿ. ನನಗೂ ಚೆಲ್ಲೂ ತ್ರಾಸ ತಪ್ತು."

ಏಳೆಂಟು ಸಲ ಹೊತ್ತೆ. ಅವ್ವ ಒಂದು ಕೊಡ ಮೂಸಿ ನೋಡಿ, "ಎಷ್ಟ ದಿನದ್ದವಲೇ ಇವು?" ಎಂದಳು. ಉತ್ತರ ಹೇಳುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಗಂಡಿನ ತಾಯಿ ಕಾಲು ತೊಳೆದು, ಕೂತು, ಒಂದು ತಂಬಿಗೆ ನೀರು ಕುಡಿದು ಹೇಳಿದರು: "ಭಾಳ ರುಚಿ ಅದಾವ್ರಿ ನೀರು. ಇವತ್ತ ಬಂದಾವೇನ್ರಿ?"

"ಹೌದ್ರಿ, ಈಗ ಬಂದಾವ" ಎಂದಳು ಅವ್ವ. ಸುಳ್ಳೆಂದು ಯಾರು ಹೇಳುತ್ತಾರೆ? ನನ್ನ ಹೆಗಲು ಇನ್ನೂ ಒದ್ದೆಯಿತ್ತು.

ಹುಡುಗ ಹುಡುಗಿ ಮಾಳಿಗೆಯ ಮೇಲೆ ಹೋಗಿ ಮಾತಾಡಿದರು. ಅಕ್ಕ ಅವನ ಪಗಾರ ಕೇಳಲಿಲ್ಲವಂತೆ. "ನಿಮ್ಮಲ್ಲಿ ನೀರು ಎಷ್ಟ ದಿನಕ್ಕೊಮ್ಮಿ ಬರ್ತಾವ್ರಿ?" ಎಂದಷ್ಟೇ ಕೇಳಿದಳಂತೆ. "ದಿನಾ ಬಿಟ್ಟು ದಿನಾ" ಎಂದನಂತೆ. ಅಕ್ಕ ನಗುತ್ತಾ ಇಳಿದು ಬಂದಳು. ಅವರೂ ಹೋಗುವಾಗ ಒಪ್ಪಿಗೆ ಹೇಳಿಯೇ ಹೋದರು.

ಸಂಜೆ ನಳ ಕೆಮ್ಮಿತು. ನಿಜವಾದ ಶರಣಪ್ಪಣ್ಣನ ನಿಜವಾದ ನೀರು. ಅವ್ವ ಸೀರೆ ಸಿಕ್ಕಿಸಿಕೊಂಡು ಎದ್ದವಳೇ, ಆಯಿಯ ಮನೆಯಿಂದ ತಂದದ್ದರಲ್ಲಿ ಉಳಿದಿದ್ದ ಎರಡು ಕೊಡಗಳನ್ನು ಎತ್ತಿ ಗಟಾರಕ್ಕೆ ಸುರಿದಳು.

"ಯವ್ವಾ! ಮುಂಜಾನಿ ನಮ್ಮ ಮಾನಾ ಉಳಿಸಿದ ನೀರವು!"

ಅವ್ವ ತಿರುಗಿಯೂ ನೋಡಲಿಲ್ಲ.

"ಉಳಿಸಿದ್ವಲ್ಲ, ಮತ್ತ ಇನ್ನ ಅವಕ್ಕ ಇಲ್ಲೇನ ಕೆಲಸ?"