ಮೇಲೆ ಹೋಗಿ ಕೂತ ನನ್ನ ಕಪ್ಪು ರಾಜ

ಬಾಣಾವರದ ಶಾಲೇಲಿ ಚೆಸ್ ಹೇಳಿಕೊಡೋ ನನ್ನ ಸೊಸೇನ ಒಂದು ಸಲ ಕಪ್ಪು ಕಾಯಿ ಹಿಡಿದು ಸೋಲಿಸಿದೆ. ಅವಳು ಆ ಆಟವನ್ನು ಚಿತ್ರದ ಸಮೇತ ತನ್ನ ಬ್ಲಾಗಿಗೆ ಹಾಕಿದಳು. ನೋಡಿದರೆ ನನ್ನ ಮಂತ್ರಿ, ಆನೆ, ಒಂಟೆ ಎಲ್ಲಾ ಮೇಲುಗಡೆ, ಅವಳು ಕೂತಿದ್ದ ಜಾಗದಲ್ಲಿವೆ.

"ಸೋತೋಳು ನೀನು. ನನ್ನನ್ನ ಯಾಕೆ ಅಲ್ಲಿ ಕೂರಿಸಿದ್ದೀಯೇ?" ಅಂದೆ.

"ಚಿತ್ರದಲ್ಲಿ ಬಿಳಿ ಯಾವಾಗ್ಲೂ ಕೆಳಗೇ ಬರೋದು ಅತ್ತೆ" ಅಂದಳು.

ಬ್ಲಾಗು ನೋಡ್ತಿದ್ದ ಟ್ಯಾಬನ್ನೇ ತಲೆಕೆಳಗು ಹಿಡಿದೆ. ಪರದೆ ಮೇಲಿನ ಚಿತ್ರ ತಾನಾಗೇ ತಿರುಗಿ ನೆಟ್ಟಗಾಗಿ, ನನ್ನ ರಾಜ ಮತ್ತೆ ಮೇಲೆ ಹೋಗಿ ಕೂತ.

ಅವಳು ನಕ್ಕು, ಚಿತ್ರದ ಕೆಳಗೆ 'ಗೆದ್ದವರು ಅತ್ತೆ' ಅಂತ ಬರೆದಳು. ಆದರೆ ಅದು ಬಿಳಿ ಕಾಯಿಗಳ ಬುಡಕ್ಕೇ ಬಂತು. ಬ್ಲಾಗು ಓದೋ ಅವಳ ಶಾಲೆ ಮಕ್ಕಳು ಬಿಳೀನೇ ನಂದು ಅಂದುಕೊಂಡರೆ, ಆಟದಲ್ಲಿ ಸೋತಿರೋದು ಬಿಳಿ, ಆಗ ಗೆದ್ದಿದ್ದು ಯಾರು ಅಂತಾಯ್ತು? ನನಗಿನ್ನೂ ತಿಳಿದಿಲ್ಲ.