ಕೊನೆಯಲ್ಲಿ ನಡೆಯುತ್ತಿದ್ದ ಧರಣೇಂದ್ರಯ್ಯ

ಧರಣೇಂದ್ರಯ್ಯನವರು ಬಾವಿಯಿಂದ ಸೇದಿದ ನೀರನ್ನು ಮಡಿಸಿದ ಬಿಳಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಜೈನರ ಮನೆಗಳಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ನಾನು ಕಣ್ಣರಳಿಸಿ ನೋಡಿದ್ದು ಆಮೇಲಿನ ಕೆಲಸವನ್ನು. ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಸುರಿದು, ಅಂಟಿಕೊಂಡಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಚೊಂಬಿಗೆ ತೊಳೆದುಕೊಳ್ಳುತ್ತಿದ್ದರು. ಆ ಚೊಂಬಿಗೆ ಹಗ್ಗ ಕಟ್ಟಿ ಅದೇ ಬಾವಿಗೆ ನಿಧಾನವಾಗಿ ಇಳಿಸುತ್ತಿದ್ದರು. ಮೇಲಿನಿಂದ ಚೆಲ್ಲುವಂತಿರಲಿಲ್ಲ.

“ಅವುಗಳ ಊರು ಇದೇ ಅಲ್ವಾ ಮೇಷ್ಟ್ರೇ? ದಾರಿಹೋಕರು ನಾವು ಎತ್ಕೊಂಡ್ ಹೋಗ್ಬಿಟ್ರೆ ಹೆಂಗೆ?” ಎನ್ನುತ್ತಿದ್ದರು. ಹಿಂದೆ ನಿಂತ ನಾವು ಹತ್ತು ಜನ ಬಾಯಾರಿಕೆಯಲ್ಲಿ ಗೊಣಗುತ್ತಿದ್ದೆವು.

ಅವರದು ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ. ಪ್ರತಿವರ್ಷ ಶಿವರಾತ್ರಿಗೆ ಮುಂಚೆ ಒಂದು ಗುಂಪನ್ನು ನಡೆಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತಿದ್ದರು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಏಳು ದಿನದ ದಾರಿ. ನಾವು ಮಂಜುನಾಥನಿಗೆ ಕೈಮುಗಿದು ಬಸ್ಸು ಹತ್ತಿದರೆ, ಅವರು ಒಬ್ಬರೇ ಇನ್ನೂ ಎರಡು ದಿನ ನಡೆದು ಮೂಡಬಿದಿರೆಯ ಬಸದಿಗೆ ಹೋಗುತ್ತಿದ್ದರು. ಫಾಲ್ಗುಣ ಶುದ್ಧ ತದಿಗೆ ಅವರ ಹೆಂಡತಿ ತೀರಿಕೊಂಡ ತಿಥಿ. ಆ ದಿನ ಆಕೆಯ ಹೆಸರಿನಲ್ಲಿ ಅಲ್ಲಿ ಅಭಿಷೇಕ ಮಾಡಿಸುವುದು ಹದಿನೇಳು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ನಾನು ಆಗ ಶಾಂತಿಗ್ರಾಮದ ಸ್ಕೂಲಿನಲ್ಲಿ ಮೇಷ್ಟ್ರು. ಐವತ್ತರ ದಶಕದ ಕೊನೆಯ ಒಂದು ವರ್ಷ ನನ್ನ ಹೆಂಡತಿ ಪಾರ್ವತಿ ವಿಷಮಶೀತಜ್ವರದಲ್ಲಿ ತಿಂಗಳುಗಟ್ಟಲೆ ಮಲಗಿ ಬದುಕಿಕೊಂಡಳು. ಅವಳು ಗಂಜಿಯನ್ನೂ ಕುಡಿಯಲಾರದೆ ಮಲಗಿದ್ದ ದಿನ ನಾನು ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆದು ಬರುತ್ತೇನೆಂದು ಹರಸಿಕೊಂಡಿದ್ದೆ. ಹಾಗೆ ಧರಣೇಂದ್ರಯ್ಯನವರ ಗುಂಪು ಸೇರಿದ್ದು.

ಹೊರಡುವ ಹಿಂದಿನ ದಿನ ಅವರು ನಮ್ಮೆಲ್ಲರ ಗಂಟು ಬಿಚ್ಚಿಸಿದರು. ನನ್ನ ಗಂಟಿನಿಂದ ಎರಡು ಪಂಚೆ, ಕನ್ನಡಿ, ಒಂದು ದಪ್ಪ ಪುಸ್ತಕ ಹೊರಬಿದ್ದವು. “ಇದನ್ನ ಓದೋಕೆ ಹೋಗ್ತಿದೀರೋ, ಹೊರೋಕೆ ಹೋಗ್ತಿದೀರೋ?” ಎಂದು ಪುಸ್ತಕವನ್ನು ಅಂಗಡಿಯ ಕೊಪ್ಪರಿಗೆಯೊಳಗೆ ಹಾಕಿಟ್ಟರು. ಕಾಲಿನ ಉಗುರನ್ನು ವಾರ ಮುಂಚೆಯೇ ಕತ್ತರಿಸಿರಬೇಕು. ಹೊಸ ಮೆಟ್ಟು ಹಾಕಿಕೊಂಡು ಬಂದವರು ಮನೆಗೆ ಹೋಗಿ ಹಳೆಯದನ್ನು ತರಬೇಕು. ಮಲಗುವ ಮುಂಚೆ ಅಂಗಾಲಿಗೆ ಹರಳೆಣ್ಣೆ. ದಾರಿಗೆ ಹುರಿಹಿಟ್ಟು, ಬೆಲ್ಲ. ಬೆವರಿದ ಕಾಲನ್ನು ತಕ್ಷಣ ಹೊಳೆಗೆ ಇಳಿಬಿಡುವಂತಿಲ್ಲ. ನನ್ನ ಬರಿಗಾಲಿನ ಹರಕೆ ಕೇಳಿ ಮಾತ್ರ ಅವರ ಮುಖ ಗಂಟಿಕ್ಕಿತು. “ದೇವರು ಮೆಟ್ಟು ಬಿಟ್ಟು ಬಾ ಅಂದ್ನಾ? ಹೋಗ್ಲಿ ಬಿಡಿ, ನೀವು ಹರಸ್ಕೊಂಡಾಗಿದೆ. ಕಾಲಿಗೇನಾದ್ರೂ ಆದ್ರೆ ಆ ಗಳಿಗೇಲೇ ನಂಗೆ ಹೇಳ್ಬೇಕು” ಎಂದರು. ನಾನು ತಲೆಯಾಡಿಸಿದೆ.

ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿಯಬೇಕು. ಆದ್ದರಿಂದ ನಾಲ್ಕು ಗಂಟೆಗೆಲ್ಲ ನಮ್ಮ ನಡಿಗೆ ನಿಂತು ಒಲೆ ಹೊತ್ತುತ್ತಿತ್ತು. ನಮ್ಮೂರಿನ ಕಾಳೇಗೌಡನಿಗೆ ಇದು ದೊಡ್ಡ ತಮಾಷೆ. “ಕೋಳಿ ಗೂಡು ಸೇರೋ ಒತ್ಗೆ ನಾವೂ ಉಂಡು ಮನಿಕಬೇಕು ಕಣ್ ಸಾ” ಎಂದು ನನ್ನ ಕಿವಿಯಲ್ಲಿ ನಗುತ್ತಿದ್ದ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಹಗುರಾಗಿ ಎದ್ದು ಕೂರುತ್ತಿದ್ದವನೂ ಅವನೇ. “ಅಯ್ನೋರೇ, ಇನ್ನೆಷ್ಟ್ ದೂರ ಐತೆ?” ಎಂದು ಅವನು ಕೇಳಿದರೆ ಧರಣೇಂದ್ರಯ್ಯನವರಿಗೆ ರೇಗುತ್ತಿತ್ತು. “ದೂರ ಕೇಳ್ಬೇಡ ಕಣೋ. ಮುಂದಿನ ನೀರು ಎಲ್ಲಿದೆ ಕೇಳು, ಹೇಳ್ತೀನಿ.”

ದಾರಿ ಗೊತ್ತಿದ್ದವರು ಅವರೊಬ್ಬರೇ, ಆದರೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಮುಂದೆ ಹೋಗುವವರು ಕವಲು ಬಂದಲ್ಲಿ ಕೂತು ಕಾಯಬೇಕು. ಇದೆಂಥ ಪದ್ಧತಿ ಎಂದು ನನಗೆ ಸಿಡಿಮಿಡಿಯಾಗುತ್ತಿತ್ತು. ನನ್ನದು ಯಾವಾಗಲೂ ಬಿರುಸು ನಡಿಗೆ.

ಆ ಬಿರುಸೇ ನನಗೆ ಮುಳುವಾಯಿತು. ಹಾಸನ ತಲುಪುವ ಮುಂಚೆಯೇ ಬಲಗಾಲಿನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ನೋವು ಪಟ್ಟಷ್ಟೂ ಹರಕೆಗೆ ತೂಕ ಹೆಚ್ಚು ಎಂದು ನನಗೆ ನಾನೇ ಹೇಳಿಕೊಂಡು ಬಾಯಿ ಬಿಡಲಿಲ್ಲ. ಬಾಳ್ಳುಪೇಟೆ ತಲುಪುವಷ್ಟರಲ್ಲಿ ಬೊಕ್ಕೆ ಒಡೆದು ಮಣ್ಣು ಸೇರಿ ಕೀವಾಗಿ, ಕಾಲು ಕಣಕಾಲಿನವರೆಗೆ ಊದಿಕೊಂಡಿತ್ತು. ಕುಂಟುವುದನ್ನು ಹಿಂದಿನಿಂದ ನೋಡಿದ ಧರಣೇಂದ್ರಯ್ಯನವರು ನನ್ನನ್ನು ಒಂದು ಜಗಲಿಯ ಮೇಲೆ ಕೂರಿಸಿ ಕಾಲೆತ್ತಿ ನೋಡಿದರು.

“ಯಾವತ್ತಿಂದ?”

“ನಿನ್ನೆಯಿಂದ.”

“ಸುಳ್ಳು. ಮೇಷ್ಟ್ರಾಗಿ ಸುಳ್ಳು ಹೇಳ್ತೀರಲ್ರೀ! ಮೊದಲನೇ ದಿನ ಹೇಳಿದ್ರೆ ಸೂಜೀಲಿ ದಾರ ಹಾಯಿಸಿ ನೀರು ತೆಗೀತಿದ್ದೆ, ಮಾರನೇ ದಿನ ನಡೀತಿದ್ರಿ.”

ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದು, ಅರಿಸಿನ ಹಚ್ಚಿ, ಮೂರು ದಿನ ಕಾಲು ನೆಲಕ್ಕೆ ಇಡಬಾರದು ಎಂದರು. ಬಸ್ಸು ಹತ್ತಿದರೆ ಹರಕೆ ಮುರಿಯುತ್ತದೆ, ಪಾರ್ವತಿಗೇನಾದರೂ ಆದರೆ ಗತಿಯೇನು ಎಂದು ನಾನು ಅತ್ತೇಬಿಟ್ಟೆ.

“ನಡ್ಕೊಂಡ್ ಬರ್ತೀನಿ ಅಂದಿದ್ದೋ, ಇಂಥ ದಿನ ಬರ್ತೀನಿ ಅಂದಿದ್ದೋ?”

“ನಡ್ಕೊಂಡು ಬರ್ತೀನಿ ಅಂತ.”

“ಮತ್ತೆ? ಬಿರ್ರನೆ ಹೋಗಿ ಅಲ್ಲೇನು ಗೆಡ್ಡೆ ಕೀಳ್ಬೇಕು? ವಾಸಿಯಾದ್ಮೇಲೆ ನಡೀರಿ.”

ಕಾಳೇಗೌಡನಿಗೆ ಮುಂದಿನ ದಾರಿ ವಿವರಿಸಿ ಗುಂಪನ್ನು ಅವನ ಜೊತೆ ಕಳಿಸಿದರು. ತಾವು ಉಳಿದುಕೊಂಡರು. ತದಿಗೆಗೆ ಮೂಡಬಿದಿರೆ ತಲುಪಲಾಗುವುದಿಲ್ಲ, ನೀವು ಹೊರಡಿ ಎಂದು ನಾನು ಕೈಮುಗಿದು ಬೇಡಿಕೊಂಡೆ. ಅವರು ಬೇವಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು.

ತದಿಗೆಯ ಬೆಳಿಗ್ಗೆ ನಾವಿಬ್ಬರೂ ಇನ್ನೂ ಘಾಟಿಯಲ್ಲೇ ಇದ್ದೆವು. ಅವರದೇ ಹಳೆಯ ಮೆಟ್ಟನ್ನು ನನಗೆ ತೊಡಿಸಿದ್ದರು, ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಅವರು ಹಳ್ಳದಲ್ಲಿ ಮಿಂದು ಪಡುವಣಕ್ಕೆ ಮುಖ ಮಾಡಿ ಬಹಳ ಹೊತ್ತು ಕೂತರು. ಆ ದಿನ ಏನನ್ನೂ ತಿನ್ನಲಿಲ್ಲ. ನನ್ನಿಂದ ಇವರ ಹದಿನೇಳು ವರ್ಷದ ವ್ರತ ಮುರಿಯಿತಲ್ಲ ಎಂದುಕೊಂಡೆ. ಅದನ್ನೇ ಬಾಯಿಬಿಟ್ಟು ಹೇಳಿದೆ.

“ಅವಳೂ ಬರ್ತೀನಿ ಅಂದಿದ್ಲು ಮೇಷ್ಟ್ರೇ, ಒಂದ್ಸಲ” ಎಂದರು. “ನೀನು ನಿಧಾನ, ನಿನ್ನಿಂದ ಎಲ್ರಿಗೂ ತಡ ಆಗುತ್ತೆ, ಮುಂದಿನ ವರ್ಷ ನೋಡೋಣ ಅಂದೆ. ಆಗ ನಾನು ಎಲ್ರಿಗಿಂತ ಮುಂದೆ ನಡೀತಿದ್ದೆ. ಮೂಡಬಿದಿರೇಲಿದ್ದಾಗ ತಂತಿ ಬಂತು.” ಮುಖ ಒರೆಸಿಕೊಂಡರು. “ನಿಧಾನ ನಡೆಯೋರ ಜೊತೆ ನಿಂತೆ, ಅದಕ್ಕೆ ತಡ ಆಯ್ತು ಅಂದ್ರೆ ಅವಳು ಬೈಯಲ್ಲ ಬಿಡಿ.”

ನಿಧಾನವಾಗಿ ನಡೆದೇ ಧರ್ಮಸ್ಥಳ ತಲುಪಿ ಹರಕೆ ತೀರಿಸಿದೆ. ಆಮೇಲೆ ಇನ್ನೂ ಎರಡು ವರ್ಷ ಅವರ ಜೊತೆ ಹೋಗಿ ಬಂದೆ. ಅರವತ್ತರ ದಶಕ ಕಾಲಿಟ್ಟ ಮೇಲೆ ಅವರಿಗೆ ಉಬ್ಬಸ ಹಿಡಿಯಿತು. ಒಂದು ದೀಪಾವಳಿಯ ನಂತರ ಪಾರ್ವತಿಯನ್ನು ಕರೆದುಕೊಂಡು ನೋಡಲು ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಮಾತಿನ ನಡುವೆ ಪಾರ್ವತಿ, “ಅಯ್ನೋರೇ, ಕಾಯ್ಲೆಯಿಂದ ಎದ್ದೋಳು ನಾನು. ಆ ದೇವ್ರನ್ನ ಇನ್ನೂ ನಾನೇ ನೋಡಿಲ್ಲ. ನಾನೂ ನಡೀಬೇಕು ಅಂತ ಆಸೆ” ಎಂದಳು.

“ಅಯ್ಯೋ, ಇವಳೆಲ್ಲಿ ನಡೀತಾಳೆ! ನಾಲ್ಕು ಹೆಜ್ಜೆಗೊಂದ್ಸಲ ಕೂರ್ತಾಳೆ” ಎಂದು ನಾನು ನಕ್ಕೆ.

ಅವರು ನನ್ನನ್ನು ಒಮ್ಮೆ ನೋಡಿದರು. ನನ್ನ ನಗು ಅಲ್ಲೇ ನಿಂತಿತು. ಅವರು ಪಾರ್ವತಿಯ ಕಡೆ ತಿರುಗಿ, “ಯಾವ ಕಾಲು ನೋಯುತ್ತಮ್ಮ ನಿಂಗೆ?” ಎಂದರು. ಮುಂದಿನ ಒಂದು ಗಂಟೆ ಉಸಿರು ಕಟ್ಟಿ ಕಟ್ಟಿ ಮಾತಾಡಿದ್ದೆಲ್ಲ ಅವಳೊಬ್ಬಳ ಜೊತೆಗೇ. ಎಲ್ಲಿ ನೆರಳಿದೆ, ಯಾವ ಊರಿನ ಹೆಂಗಸರು ಮಜ್ಜಿಗೆ ಕೊಡುತ್ತಾರೆ, ಇಳಿಜಾರಿನಲ್ಲಿ ಮಂಡಿ ಹೇಗೆ ಸಡಿಲ ಬಿಡಬೇಕು. ಕೊನೆಗೆ, “ನಿಮ್ಮೆಜಮಾನ್ರಿಗೆ ಅವಸರ ಆದ್ರೆ ಮುಂದೆ ಹೋಗ್ಲಿ. ನೀನು ಸುಸ್ತಾದಾಗೆಲ್ಲ ಕೂತ್ಕೊ ತಾಯಿ” ಎಂದರು. ಸಂಕ್ರಾಂತಿಗೆ ಮುಂಚೆಯೇ ಅವರು ಹೋಗಿಬಿಟ್ಟರು.

ಆ ಶಿವರಾತ್ರಿಗೆ ನಾವಿಬ್ಬರೇ ಹೊರಟೆವು. ಅವಳು ಕೂತಲ್ಲೆಲ್ಲ ನಾನೂ ಕೂತೆ. ಧರ್ಮಸ್ಥಳ ತಲುಪಿದಾಗ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ಇಬ್ಬರೂ ಮಾತಾಡಿಕೊಳ್ಳದೆಯೇ ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದಲ್ಲಿ ಇಳಿದೆವು. ಅಂಗಡಿಯ ಮುಂದೆ ಹೋಗಿ ನಿಂತೆವು. ಹನ್ನೊಂದು ದಿನ ಹಿಡಿಯಿತು ಅಯ್ನೋರೇ ಎಂದು ಹೇಳಬೇಕಿತ್ತು, ಹೇಳಲು ಅಲ್ಲಿ ಅವರಿರಲಿಲ್ಲ.